ಹಿರಿಯರ ಖಾತೆ, ಮಕ್ಕಳ ಕೈಲಿ ಪಾಸ್‌ವರ್ಡ್: ಆನ್‌ಲೈನ್ ಸ್ವಾವಲಂಬನೆಯ ಅಸಲಿ ಲೆಕ್ಕ

ಡೆನ್ಮಾರ್ಕ್‌ನ ಅಂಚೆ ಸಂಸ್ಥೆ ಪೋಸ್ಟ್‌ನಾರ್ಡ್ 2025ರ ಡಿಸೆಂಬರ್ ಕೊನೆಗೆ ಪತ್ರಗಳ ಬಟವಾಡೆಯನ್ನು ನಿಲ್ಲಿಸಿಬಿಟ್ಟಿತು. ಆ ದೇಶದಲ್ಲಿ 400 ವರ್ಷದಿಂದ ನಡೆದುಬಂದಿದ್ದ ಕೆಲಸ ಅದು. ಈಗ ಅಲ್ಲಿ ಕಾಗದ ಮುಟ್ಟಿಸುವುದು ಖಾಸಗಿ ಕಂಪನಿಯ ಪಾಲಿಗೆ ಬಂದಿದೆ. 2014ರ ನವೆಂಬರ್‌ನಿಂದಲೇ ಸರ್ಕಾರದ ಪತ್ರಗಳೆಲ್ಲ ಡಿಜಿಟಲ್ ಅಂಚೆಪೆಟ್ಟಿಗೆಗೆ ಹೋಗತೊಡಗಿದ್ದವು. ಹೀಗಾಗಿ ಅಂಚೆಯಣ್ಣನ ಚೀಲ ವರ್ಷದಿಂದ ವರ್ಷಕ್ಕೆ ಹಗುರವಾಗುತ್ತಾ ಬಂದಿತ್ತು.

ಅಲ್ಲೇ ಹತ್ತಿರದ ನಾರ್ವೆಯಲ್ಲಿ ಗಾಳಿ ಬೇರೆ ದಿಕ್ಕಿಗೆ ಬೀಸಿತು. ಗ್ರಾಹಕ ನಗದು ಕೊಟ್ಟರೆ ಅಂಗಡಿಯವರು ಬೇಡವೆನ್ನುವಂತಿಲ್ಲ ಎಂಬ ನಿಯಮ 2024ರ ಅಕ್ಟೋಬರ್ 1ರಿಂದ ಬಿಗಿಯಾಯಿತು. ಸ್ವಿಟ್ಜರ್ಲೆಂಡ್‌ನ ಜಿನೀವಾ ಪ್ರಾಂತ್ಯದ ಜನ 2023ರ ಜೂನ್‌ನಲ್ಲಿ ಮತ ಹಾಕಿ, ಆಫ್‌ಲೈನ್ ಆಗಿ ಬದುಕುವ ಹಕ್ಕನ್ನು ತಮ್ಮ ಪ್ರಾಂತ್ಯದ ಸಂವಿಧಾನಕ್ಕೇ ಸೇರಿಸಿಕೊಂಡರು. ಪರವಾಗಿ ಬಿದ್ದದ್ದು ಶೇ 94ರಷ್ಟು ಮತ. ಇನ್ನೊಂದೆಡೆ ಸಿಂಗಪುರದಲ್ಲಿ 2020ರಿಂದ ಸರ್ಕಾರವೇ ‘ಡಿಜಿಟಲ್ ರಾಯಭಾರಿ’ಗಳನ್ನು ನೇಮಿಸಿ, ಹಿರಿಯರ ಪಕ್ಕ ಕೂತು ಫೋನ್ ಬಳಸುವುದನ್ನು ಕಲಿಸುತ್ತಿದೆ.

ಇವನ್ನೆಲ್ಲ ಒಟ್ಟಿಗೆ ಓದಿದವರಿಗೆ ತಲೆಬುಡ ತಿಳಿಯದಿದ್ದರೆ ಆಶ್ಚರ್ಯವಿಲ್ಲ. ವಯಸ್ಸಾದವರನ್ನು ಆನ್‌ಲೈನ್‌ಗೆ ಕರೆತರಬೇಕೋ, ಅವರಿಗಾಗಿ ಹಳೆಯ ದಾರಿಯನ್ನೇ ಉಳಿಸಬೇಕೋ? ಈ ಎಲ್ಲ ಸುದ್ದಿಗಳ ಹಿಂದಿರುವುದು ಒಂದೇ ಪ್ರಶ್ನೆ: ಆನ್‌ಲೈನ್‌ಗೆ ಬಂದ ಹಿರಿಯರು ನಿಜಕ್ಕೂ ಯಾರನ್ನೂ ಕಾಯದೆ ತಮ್ಮ ಕೆಲಸ ಮಾಡಿಕೊಳ್ಳುತ್ತಿದ್ದಾರೋ, ಇಲ್ಲ ಗುಮಾಸ್ತರ ಬದಲು ಈಗ ಮಕ್ಕಳಿಗಾಗಿ ಕಾಯುತ್ತಿದ್ದಾರೋ?

## ಇದು ಕೆಲವರ ತೊಂದರೆಯಲ್ಲ

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನ ಪ್ರಕಾರ 2030ರ ಹೊತ್ತಿಗೆ ಜಗತ್ತಿನ ಆರು ಜನರಲ್ಲಿ ಒಬ್ಬರು 60 ದಾಟಿರುತ್ತಾರೆ, ಅಂದರೆ 140 ಕೋಟಿ ಮಂದಿ. 2050ಕ್ಕೆ ಇದು 210 ಕೋಟಿ ಮುಟ್ಟಲಿದೆ. ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ 2025ರ ಲೆಕ್ಕದಲ್ಲಿ ಸುಮಾರು 600 ಕೋಟಿ ಜನ ಇಂಟರ್ನೆಟ್ ಬಳಸುತ್ತಿದ್ದಾರೆ, 220 ಕೋಟಿ ಜನ ಇನ್ನೂ ಹೊರಗಿದ್ದಾರೆ. ಒಂದು ಕಡೆ ಜನಸಂಖ್ಯೆಗೆ ವಯಸ್ಸಾಗುತ್ತಿದೆ. ಇನ್ನೊಂದು ಕಡೆ ಬ್ಯಾಂಕು, ಆಸ್ಪತ್ರೆ, ಪಿಂಚಣಿ, ಟಿಕೆಟ್ಟು ಎಲ್ಲವೂ ಪರದೆಯೊಳಗೆ ಸೇರಿಕೊಳ್ಳುತ್ತಿವೆ. ಎರಡೂ ಒಂದೇ ಕಾಲಕ್ಕೆ ನಡೆಯುತ್ತಿರುವುದರಿಂದಲೇ ಈ ಜಗಳ.

## ಲಾಭ ಇದೆಯೇ? ಇದೆ, ಆದರೆ

ಆನ್‌ಲೈನ್ ಸೇವೆಯಿಂದ ಹೆಚ್ಚು ಅನುಕೂಲವಾಗುವುದು ಮೆಟ್ಟಿಲು ಹತ್ತಲಾಗದವರಿಗೆ, ಸಾಲಿನಲ್ಲಿ ನಿಲ್ಲಲಾಗದವರಿಗೆ, ಕಿವಿ ಮಂದವಾಗಿ ಫೋನಿನಲ್ಲಿ ಮಾತು ಕೇಳಿಸದವರಿಗೆ. ಔಷಧಿ ತರಿಸುವುದು, ವೈದ್ಯರ ಸಮಯ ಗೊತ್ತುಮಾಡಿಕೊಳ್ಳುವುದು, ದೂರದ ಮೊಮ್ಮಕ್ಕಳ ಮುಖ ನೋಡುವುದು, ಇವೆಲ್ಲ ಇನ್ನೊಬ್ಬರ ಬಿಡುವಿಗೆ ಕಾಯಬೇಕಾದ ಕೆಲಸಗಳಾಗಿದ್ದವು. ಯುವಕರಿಗೆ ಆನ್‌ಲೈನ್ ಎಂದರೆ ಸಮಯದ ಉಳಿತಾಯ. ಹಿರಿಯರ ಮಟ್ಟಿಗೆ ಎಷ್ಟೋ ಸಲ ಕೆಲಸ ಆಗುತ್ತದೋ ಇಲ್ಲವೋ ಎಂಬುದನ್ನೇ ಅದು ತೀರ್ಮಾನಿಸುತ್ತದೆ.

ಸಂಶೋಧನೆಗಳೂ ಈ ಕಡೆಗೇ ಬೆರಳು ಮಾಡುತ್ತವೆ, ಆದರೆ ಎಚ್ಚರದಿಂದ ಓದಬೇಕು. 2025ರಲ್ಲಿ ‘ನೇಚರ್ ಹ್ಯೂಮನ್ ಬಿಹೇವಿಯರ್’ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆಯೊಂದು 57 ಅಧ್ಯಯನಗಳನ್ನು, 50 ದಾಟಿದ ನಾಲ್ಕು ಲಕ್ಷಕ್ಕೂ ಹೆಚ್ಚು ಜನರ ಮಾಹಿತಿಯನ್ನು ಒಟ್ಟುಗೂಡಿಸಿತು. ಡಿಜಿಟಲ್ ಸಾಧನ ಬಳಸುವವರಲ್ಲಿ ಗ್ರಹಣಶಕ್ತಿ ಕುಂದುವ ಅಪಾಯ ಶೇ 58ರಷ್ಟು ಕಡಿಮೆ ಕಂಡಿತು. ಇಲ್ಲಿ ಕಾರಣ ಯಾವುದು, ಪರಿಣಾಮ ಯಾವುದು? ಫೋನ್ ಬಳಸಿದ್ದರಿಂದ ಬುದ್ಧಿ ಚುರುಕಾಗಿ ಉಳಿಯಿತೋ, ಬುದ್ಧಿ ಚುರುಕಾಗಿದ್ದವರೇ ಫೋನ್ ಹಿಡಿದರೋ? ಓದು, ಆದಾಯ, ಆರೋಗ್ಯದ ವ್ಯತ್ಯಾಸಗಳನ್ನು ಗಣನೆಗೆ ತೆಗೆದುಕೊಂಡ ಮೇಲೂ ನಂಟು ಉಳಿಯುತ್ತದೆ ಎನ್ನುತ್ತಾರೆ ಸಂಶೋಧಕರು. ಆದರೂ ನಂಟು ಕಂಡಮಾತ್ರಕ್ಕೆ ಕಾರಣ ಸಿಕ್ಕಿತು ಎನ್ನುವಂತಿಲ್ಲ.

ಕಾರಣವನ್ನೇ ಹುಡುಕಹೊರಟ ಪ್ರಯೋಗವೂ ಒಂದಿದೆ. ಅಮೆರಿಕದಲ್ಲಿ ಒಂಟಿಯಾಗಿ ಬದುಕುವ, 65 ಮೀರಿದ 300 ಜನರನ್ನು ಆರಿಸಿ, ಅರ್ಧದಷ್ಟು ಜನರಿಗೆ ಹಿರಿಯರಿಗೆಂದೇ ರೂಪಿಸಿದ ‘ಪ್ರಿಸ್ಮ್’ ಎಂಬ ಕಂಪ್ಯೂಟರ್ ವ್ಯವಸ್ಥೆ ಕೊಟ್ಟರು. ಉಳಿದವರಿಗೆ ಅದೇ ಬಗೆಯ ಮಾಹಿತಿಯನ್ನು ಫೈಲಿಗೆ ಹಾಕಿದ ಕಾಗದದಲ್ಲಿ ಕೊಟ್ಟರು. ಆರು ತಿಂಗಳಿಗೆ ಕಂಪ್ಯೂಟರ್ ಗುಂಪಿನವರ ಒಂಟಿತನ ಇಳಿದಿತ್ತು, ತಮಗೆ ಆಸರೆ ಇದೆ ಎಂಬ ಭಾವನೆ ಏರಿತ್ತು. ಹನ್ನೆರಡನೇ ತಿಂಗಳಿಗೆ ನೋಡಿದರೆ ಎರಡು ಗುಂಪುಗಳ ನಡುವೆ ಹೇಳಿಕೊಳ್ಳುವಂಥ ಅಂತರ ಉಳಿದಿರಲಿಲ್ಲ. 2018ರಲ್ಲಿ ಪ್ರಕಟವಾದ ಈ ಫಲಿತಾಂಶದ ಮೊದಲ ಅರ್ಧವನ್ನಷ್ಟೇ ಉಲ್ಲೇಖಿಸುವುದು ಡಿಜಿಟಲ್ ಉತ್ಸಾಹಿಗಳಿಗೆ ಅನುಕೂಲ. ಎರಡನೇ ಅರ್ಧವನ್ನೂ ಓದಿದವರು, ಸಾಧನ ಕೊಟ್ಟು ಕೈತೊಳೆದುಕೊಂಡರೆ ಆಗದು ಎಂದಾದರೂ ಒಪ್ಪಬೇಕಾಗುತ್ತದೆ.

## ಮೂವತ್ತು ಸೆಕೆಂಡಿನೊಳಗೆ

ಹಿರಿಯರು ಎಲ್ಲಿ ಎಡವುತ್ತಾರೆ ಎಂದು ಕೇಳಿದರೆ ‘ಅವರಿಗೆ ಗೊತ್ತಾಗಲ್ಲ’ ಎಂಬ ಉತ್ತರ ಥಟ್ಟನೆ ಬರುತ್ತದೆ. ಸ್ವಲ್ಪ ಹತ್ತಿರದಿಂದ ನೋಡೋಣ.

ಪರದೆಯ ಮೇಲೆ ಒಂದು ಗುಂಡಿ ಇದೆ. ಯುವಕ ಮುಟ್ಟಿ ಬಿಡುತ್ತಾನೆ. ಕೈ ಸ್ವಲ್ಪ ನಿಧಾನವಾದವರು ಗಟ್ಟಿಯಾಗಿ ಒತ್ತಿ ಹಿಡಿಯುತ್ತಾರೆ. ಬೆರಳು ಸುಮಾರು ಅರ್ಧ ಸೆಕೆಂಡು ಅಲ್ಲೇ ನಿಂತರೆ ಫೋನ್ ಅದನ್ನು ‘ಒತ್ತಿ ಹಿಡಿದದ್ದು’ ಎಂದು ಎಣಿಸಿ ಬೇರಾವುದೋ ಪಟ್ಟಿ ತೆರೆಯುತ್ತದೆ. ಒತ್ತಿದವರಿಗೆ ತಾವು ಮಾಡಿದ ತಪ್ಪೇನೆಂದೇ ತಿಳಿಯುವುದಿಲ್ಲ. ಚರ್ಮ ಒಣಗಿದ ಬೆರಳನ್ನು ಪರದೆ ಕೆಲವೊಮ್ಮೆ ಗುರುತಿಸುವುದೂ ಇಲ್ಲ, ಸವೆದ ಬೆರಳಚ್ಚನ್ನಂತೂ ಕೇಳುವುದೇ ಬೇಡ. ಕಣ್ಣಿನ ಪಾಪೆ ಕಿರಿದಾಗಿ ಮಸೂರ ಮಂಕಾಗುವುದರಿಂದ, 60ರ ಕಣ್ಣಿನ ಅಕ್ಷಿಪಟಲಕ್ಕೆ 20ರ ಕಣ್ಣಿಗೆ ಹೋಲಿಸಿದರೆ ಸುಮಾರು ಮೂರನೇ ಒಂದರಷ್ಟು ಬೆಳಕು ಮಾತ್ರ ತಲುಪುತ್ತದೆ. ತಿಳಿಬೂದು ಅಕ್ಷರವನ್ನು ಬಿಳಿ ಹಿನ್ನೆಲೆಯ ಮೇಲೆ ಇಟ್ಟ ವಿನ್ಯಾಸಕಾರನಿಗೆ ಇದು ಹೊಳೆದಿರುವುದಿಲ್ಲ.

ಈಗ ಲಾಗಿನ್‌ಗೆ ಬನ್ನಿ. ಅನೇಕ ದೃಢೀಕರಣ ಆ್ಯಪ್‌ಗಳಲ್ಲಿ ಸಂಖ್ಯೆ 30 ಸೆಕೆಂಡಿಗೊಮ್ಮೆ ಬದಲಾಗುತ್ತದೆ. ಒಂದು ಆ್ಯಪ್ ಬಿಟ್ಟು ಇನ್ನೊಂದಕ್ಕೆ ಹೋಗಿ, ಆರು ಅಂಕಿ ನೆನಪಿಟ್ಟುಕೊಂಡು, ಹಿಂದಿನ ಪುಟಕ್ಕೆ ಮರಳಿ, ಚಿಕ್ಕ ಕೀಲಿಮಣೆಯಲ್ಲಿ ಟೈಪಿಸಬೇಕು. ಕನ್ನಡಕ ಸರಿಪಡಿಸಿಕೊಳ್ಳುವಷ್ಟರಲ್ಲಿ ಸಂಖ್ಯೆ ಬದಲಾಗಿರುತ್ತದೆ. ಮೂರು ಸಲ ತಪ್ಪಿದರೆ ಖಾತೆಗೆ ಬೀಗ. ಬೀಗ ತೆಗೆಸಲು ಸಹಾಯವಾಣಿ, ಅಲ್ಲಿ ಯಂತ್ರದ ಧ್ವನಿ. ಹೀಗೆ ಅರ್ಧ ಸೆಕೆಂಡು, ಮೂವತ್ತು ಸೆಕೆಂಡು ಎಂಬ ಸಣ್ಣ ಸಣ್ಣ ಗಡಿಗಳು ಸೇರಿ ಒಬ್ಬರನ್ನು ಸೇವೆಯಿಂದಲೇ ಆಚೆ ನೂಕುತ್ತವೆ.

ಇವು ಯಾವುವೂ ಪರಿಹಾರವಿಲ್ಲದ ತೊಂದರೆಗಳಲ್ಲ. ಸ್ಪರ್ಶದ ಅವಧಿಯನ್ನು ಹೆಚ್ಚಿಸುವ ಆಯ್ಕೆ ಇಂದಿನ ಫೋನ್‌ಗಳಲ್ಲಿ ಇದೆ, ಸೆಟ್ಟಿಂಗ್ಸ್‌ನ ಆಳದಲ್ಲಿ ಹುದುಗಿಕೊಂಡಿದೆ, ಅಷ್ಟೆ. ಜಾಲತಾಣಗಳಿಗೆ ಅಂತರರಾಷ್ಟ್ರೀಯ ಮಾನದಂಡವೂ ಇದೆ. ಅಕ್ಷರಕ್ಕೂ ಹಿನ್ನೆಲೆಗೂ ಕನಿಷ್ಠ 4.5ಕ್ಕೆ 1ರ ವ್ಯತ್ಯಾಸವಿರಲಿ, ಸಮಯದ ಗಡಿ ಇದ್ದರೆ ಅದನ್ನು ವಿಸ್ತರಿಸಲು ಬಳಕೆದಾರರಿಗೆ ಅವಕಾಶವಿರಲಿ ಎನ್ನುತ್ತದೆ ಅದು. 2023ರ ಅಕ್ಟೋಬರ್‌ನಲ್ಲಿ ಬಂದ ಅದರ ಹೊಸ ಆವೃತ್ತಿಯಂತೂ, ನೆನಪಿನ ಶಕ್ತಿಯನ್ನೇ ಪರೀಕ್ಷಿಸುವಂಥ ಲಾಗಿನ್ ಒಂದೇ ದಾರಿಯಾಗಿರಬಾರದು ಎಂದು ನೇರವಾಗಿ ಹೇಳಿದೆ. ಸಮಸ್ಯೆಯ ದೊಡ್ಡ ಪಾಲು ಹಿರಿಯರ ತಲೆಯಲ್ಲಿಲ್ಲ, ಪರದೆಯಲ್ಲಿದೆ ಎಂಬ ಮಾತಿಗೆ ಇದಕ್ಕಿಂತ ಪುರಾವೆ ಬೇಕಿಲ್ಲ.

## ಖಾತೆ ಅಮ್ಮನದು, ಓಡಾಟ ಮಗನದು

ಲಾಗಿನ್‌ನಲ್ಲಿ ಸೋತವರು ಏನು ಮಾಡುತ್ತಾರೆ? ಹತ್ತಿರದವರಿಗೆ ಫೋನ್ ಕೊಡುತ್ತಾರೆ. ಮಗನೋ ಮಗಳೋ ಪಾಸ್‌ವರ್ಡ್ ಹಾಕಿ ಕೆಲಸ ಮುಗಿಸುತ್ತಾರೆ. ಕೆಲವೇ ವಾರಗಳಲ್ಲಿ ಒಟಿಪಿ ಬರುವ ನಂಬರೂ ಮಗನದೇ ಆಗುತ್ತದೆ, ಅದೇ ಸಲೀಸು ಎಂದು.

ಸೇವೆ ಕೊಡುವವರ ಅಂಕಿಅಂಶದಲ್ಲಿ ಇದು ಯಶಸ್ಸು: ಇನ್ನೊಬ್ಬ ಹಿರಿಯ ನಾಗರಿಕರು ಡಿಜಿಟಲ್ ಆದರು! ಆದರೆ ಆ ತಾಯಿಯ ದೃಷ್ಟಿಯಿಂದ ನೋಡಿ. ಮೊದಲು ಬ್ಯಾಂಕಿಗೆ ಹೋಗಿ ಪಾಸ್‌ಬುಕ್ಕಿನಲ್ಲಿ ನಮೂದು ಮಾಡಿಸಿಕೊಂಡು ಬರುತ್ತಿದ್ದರು. ತಮ್ಮ ಹಣ ಎಷ್ಟಿದೆ ಎಂಬುದು ಅವರಿಗಷ್ಟೇ ಗೊತ್ತಿರುತ್ತಿತ್ತು. ಈಗ ಮನೆಯಲ್ಲಿ ಅವರನ್ನು ಬಿಟ್ಟು ಉಳಿದವರಿಗೆಲ್ಲ ಗೊತ್ತು. ಯಾವ ವೈದ್ಯರನ್ನು ಕಂಡರು, ಯಾರಿಗೆ ದುಡ್ಡು ಕಳಿಸಿದರು ಎಂಬುದೂ ಗುಟ್ಟಾಗಿ ಉಳಿಯುವುದಿಲ್ಲ. ಮಕ್ಕಳು ಒಳ್ಳೆಯವರಾಗಿದ್ದರೆ ಹೋಗುವುದು ಗೋಪ್ಯತೆ ಮಾತ್ರ. ಒಳ್ಳೆಯವರಲ್ಲದಿದ್ದರೆ ಹಣವೂ ಹೋಗುತ್ತದೆ, ಮತ್ತು ಪಾಸ್‌ವರ್ಡನ್ನು ತಾವೇ ಹಂಚಿಕೊಂಡ ತಪ್ಪಿಗೆ ಬ್ಯಾಂಕು ಹೊಣೆಯಿಂದ ನುಣುಚಿಕೊಳ್ಳಬಹುದು. ಮಕ್ಕಳೇ ಇಲ್ಲದವರ, ಇದ್ದೂ ದೂರವಾದವರ ಪಾಡು ಬೇರೆ.

ಹಾಗೆಂದು ಇನ್ನೊಬ್ಬರ ನೆರವು ಪಡೆಯುವುದೇ ತಪ್ಪೆಂದಲ್ಲ. ಕೌಂಟರಿನ ಮುಂದೆಯೂ ಜನ ನೆರವು ಪಡೆಯುತ್ತಿದ್ದರು. ಬೇಕಾಗಿರುವುದು ನೆರವಿಗೊಂದು ಅಧಿಕೃತ ದಾರಿ. ಡೆನ್ಮಾರ್ಕ್‌ನಲ್ಲಿ ಡಿಜಿಟಲ್ ಅಂಚೆಪೆಟ್ಟಿಗೆಯನ್ನು ಓದುವ ಅನುಮತಿಯನ್ನಷ್ಟೇ ಇನ್ನೊಬ್ಬರಿಗೆ ಕೊಡಲು ಬರುತ್ತದೆ. ಆಗದವರು ವಿನಾಯಿತಿ ಕೇಳಿ ಕಾಗದದಲ್ಲೇ ಪತ್ರ ಪಡೆಯುವುದಕ್ಕೂ ಅವಕಾಶವಿದೆ. ಫ್ರಾನ್ಸ್‌ನಲ್ಲಿ ‘ಏದಾಂ ಕನೆಕ್ಟ್’ ಎಂಬ ಸರ್ಕಾರಿ ವ್ಯವಸ್ಥೆಯಿದೆ. ಸಮಾಜ ಕಾರ್ಯಕರ್ತರಂಥ ಅಧಿಕೃತ ಸಹಾಯಕರು ಇದರ ಮೂಲಕ, ವ್ಯಕ್ತಿಯ ಒಪ್ಪಿಗೆ ದಾಖಲಿಸಿಕೊಂಡು, ತಮ್ಮದೇ ಲಾಗಿನ್‌ನಿಂದ ಅವರ ಪರವಾಗಿ ಅರ್ಜಿ ತುಂಬುತ್ತಾರೆ. ಪಾಸ್‌ವರ್ಡು ಕೈ ಬದಲಾಗುವುದಿಲ್ಲ, ಯಾರು ಏನು ಮಾಡಿದರು ಎಂಬ ಗುರುತು ಉಳಿಯುತ್ತದೆ. ಇಂಥ ಬಾಗಿಲು ಇಲ್ಲದ ಕಡೆ ಜನ ಕಿಟಕಿಯಿಂದಲೇ ನುಗ್ಗುತ್ತಾರೆ.

## ಭಯವನ್ನು ಅಜ್ಞಾನ ಎನ್ನಬೇಡಿ

ಅಮೆರಿಕದ ಎಫ್‌ಬಿಐಗೆ ಬಂದ ಸೈಬರ್ ಅಪರಾಧ ದೂರುಗಳಲ್ಲಿ, 60 ಮೀರಿದವರು ಕಳೆದುಕೊಂಡ ಮೊತ್ತ 2023ರಲ್ಲಿ 340 ಕೋಟಿ ಡಾಲರ್ ಇತ್ತು. 2024ರಲ್ಲಿ ಅದು 480 ಕೋಟಿ ಡಾಲರ್ ದಾಟಿತು. ದೂರು ಕೊಡದೆ ಸುಮ್ಮನಾದವರು ಈ ಲೆಕ್ಕದಲ್ಲಿಲ್ಲ. ಹೀಗಿರುವಾಗ ‘ನನಗಿದೆಲ್ಲ ಬೇಡ’ ಎನ್ನುವ ಹಿರಿಯರು ಹಿಂದುಳಿದವರಲ್ಲ, ಲೆಕ್ಕ ಬಲ್ಲವರು.

ಭಯ ಹೆಚ್ಚಿಸುವುದರಲ್ಲಿ ಸಂಸ್ಥೆಗಳ ಪಾಲೂ ಇದೆ. ‘ಯಾವ ಲಿಂಕನ್ನೂ ಒತ್ತಬೇಡಿ’ ಎಂದು ಬ್ಯಾಂಕು ಸಂದೇಶ ಕಳಿಸುತ್ತದೆ. ಮರುದಿನ ‘ನಿಮ್ಮ ವಿವರ ನವೀಕರಿಸಲು ಈ ಲಿಂಕ್ ಒತ್ತಿ’ ಎಂದು ಅದೇ ಬ್ಯಾಂಕು ಇನ್ನೊಂದು ಸಂದೇಶ ಕಳಿಸುತ್ತದೆ. ಎರಡನ್ನೂ ಪಾಲಿಸಲು ಯಾರಿಗೆ ಸಾಧ್ಯ? ಅಸಲಿ ಸಂದೇಶ ನಕಲಿಯ ಹಾಗೆಯೇ ಕಾಣುವವರೆಗೆ ಯಾವ ಜಾಗೃತಿ ಶಿಬಿರವೂ ಫಲ ಕೊಡದು.

## ಮೂರು ವಾದಗಳು

ಮೊದಲನೆಯದು ಖರ್ಚಿನ ವಾದ. ಒಂದು ಅರ್ಜಿ ಕೌಂಟರಿನಲ್ಲಿ ನಡೆದರೆ ಸಿಬ್ಬಂದಿ, ಕಟ್ಟಡ, ಕಾಗದ ಎಲ್ಲ ಬೇಕು. ಆನ್‌ಲೈನ್‌ನಲ್ಲಿ ಇವಾವುವೂ ಬೇಡ. ಉಳಿದ ಹಣವನ್ನು ಹಿರಿಯರಿಗೇ ಖರ್ಚು ಮಾಡಬಹುದಲ್ಲ ಎನ್ನುತ್ತಾರೆ. ಮೇಲಾಗಿ, ಹಳೆಯ ದಾರಿ ತೆರೆದಿರುವವರೆಗೆ ಯಾರೂ ಹೊಸದನ್ನು ಕಲಿಯುವುದಿಲ್ಲವಂತೆ. ವಾದ ಪೊಳ್ಳಲ್ಲ. ಆದರೆ ಕೌಂಟರಿನಲ್ಲಿ ಉಳಿಸಿದ ಶ್ರಮ ಮಾಯವಾಗುವುದಿಲ್ಲ. ರಾತ್ರಿ ಕೆಲಸ ಮುಗಿಸಿ ಬಂದ ಮಗಳ ಹೆಗಲೇರುತ್ತದೆ. ಸರ್ಕಾರದ ಪುಸ್ತಕದಲ್ಲಿ ಉಳಿತಾಯ ಎಂದು ಬರೆದದ್ದು ಮನೆಯ ಪುಸ್ತಕದಲ್ಲಿ ಖರ್ಚಾಗಿ ಕೂತಿರುತ್ತದೆ. ಅದನ್ನು ಯಾರೂ ಕೂಡುವುದಿಲ್ಲ.

ಎರಡನೆಯದು ಹಕ್ಕಿನ ವಾದ. 2022ರಲ್ಲಿ ಸ್ಪೇನ್‌ನ 78 ವರ್ಷದ ನಿವೃತ್ತ ವೈದ್ಯ ಕಾರ್ಲೋಸ್ ಸಾನ್ ಹುವಾನ್ ‘ನಾನು ವಯಸ್ಸಾದವನು, ಮೂರ್ಖನಲ್ಲ’ ಎಂಬ ಘೋಷಣೆಯಡಿ, ಬ್ಯಾಂಕುಗಳಲ್ಲಿ ಮುಖಾಮುಖಿ ಸೇವೆ ಬೇಕೆಂದು ಆರು ಲಕ್ಷಕ್ಕೂ ಹೆಚ್ಚು ಸಹಿ ಸಂಗ್ರಹಿಸಿದರು. ಬ್ಯಾಂಕುಗಳು ಸರ್ಕಾರದ ಮುಂದೆ ಒಪ್ಪಂದಕ್ಕೆ ಬಂದು ಕೌಂಟರಿನ ಸಮಯ ವಿಸ್ತರಿಸಿದವು. ಚೀನಾದಲ್ಲಿ 2020ರ ನವೆಂಬರ್‌ನಲ್ಲಿ, ಮುಖ ಗುರುತಿಸುವ ಯಂತ್ರದ ಮುಂದೆ 94 ವರ್ಷದ ವೃದ್ಧೆಯನ್ನು ಎತ್ತಿ ಹಿಡಿದ ದೃಶ್ಯ ದೇಶವನ್ನೇ ಕಲಕಿತು. ಅದೇ ತಿಂಗಳು ಅಲ್ಲಿನ ಸರ್ಕಾರ ಹಿರಿಯರಿಗಾಗಿ ಸಾಂಪ್ರದಾಯಿಕ ಸೇವೆಗಳನ್ನು ಉಳಿಸಬೇಕೆಂದು ಯೋಜನೆ ಹೊರಡಿಸಿತು. ಭಾರತದ ಸುಪ್ರೀಂ ಕೋರ್ಟ್ ಇನ್ನೊಂದು ದಿಕ್ಕಿನಿಂದ ಬಂತು. ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಿ ಕೆವೈಸಿ (ಗುರುತಿನ ದೃಢೀಕರಣ) ಮಾಡಲಾಗದ ಆ್ಯಸಿಡ್ ದಾಳಿ ಸಂತ್ರಸ್ತರು ಮತ್ತು ದೃಷ್ಟಿಹೀನರ ಪ್ರಕರಣದಲ್ಲಿ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟು, ಡಿಜಿಟಲ್ ಸೇವೆ ಎಟುಕುವಂತಿರುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದಿತು. ಸ್ಪೇನ್‌ನ ವೈದ್ಯರು ಆನ್‌ಲೈನ್‌ನಿಂದ ಹೊರಗುಳಿಯುವ ಹಕ್ಕು ಕೇಳಿದರು, ಭಾರತದ ಕೋರ್ಟು ಒಳಗೆ ಬರುವ ಹಕ್ಕು ಕೊಟ್ಟಿತು. ಎರಡೂ ಸೇರಿದರೆ ಆಯ್ಕೆ ಆಗುತ್ತದೆ.

ಮೂರನೆಯ ವಾದ ಎಲ್ಲರಿಗೂ ಹಿತವೆನಿಸುವಂಥದ್ದು: ಹತ್ತು ಹದಿನೈದು ವರ್ಷ ತಡೆದರೆ ಸಾಕು, ಈಗಿನ ಐವತ್ತರವರು ವೃದ್ಧರಾಗುವಷ್ಟರಲ್ಲಿ ಸಮಸ್ಯೆಯೇ ಇರದು. ಇದು ತಪ್ಪು ಲೆಕ್ಕ. ಅವರ ಕಣ್ಣಿಗೂ ಪೊರೆ ಬರುತ್ತದೆ, ಅವರ ಕೈಯೂ ನಡುಗುತ್ತದೆ. ತಂತ್ರಜ್ಞಾನವೂ ನಿಂತಲ್ಲೇ ನಿಲ್ಲುವುದಿಲ್ಲ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ರಂದು ಉಚಿತ ಬೆಂಬಲ ನಿಲ್ಲಿಸಿದಾಗ, ಚೆನ್ನಾಗಿಯೇ ಓಡುತ್ತಿದ್ದ ಎಷ್ಟೋ ಕಂಪ್ಯೂಟರುಗಳು ಹೊಸ ಆವೃತ್ತಿಗೆ ಅರ್ಹವಾಗಲಿಲ್ಲ. ಪಾಸ್‌ವರ್ಡಿಗೆ ಒಗ್ಗಿಕೊಂಡವರ ಮುಂದೆ ಈಗ ಪಾಸ್‌ಕೀ, ಅಂದರೆ ಪಾಸ್‌ವರ್ಡಿಲ್ಲದೆ ಫೋನಿನ ಬೀಗ ತೆರೆಯುವ ಹಾಗೆಯೇ ಲಾಗಿನ್ ಆಗುವ ವಿಧಾನ, ಬಂದಿದೆ. ಕಲಿತದ್ದು ಹಳತಾಗುವ ವೇಗ, ಹೊಸದು ಕಲಿಯುವ ವೇಗವನ್ನು ಮೀರುವ ದಿನ ಪ್ರತಿಯೊಬ್ಬರ ಬಾಳಿನಲ್ಲೂ ಬರುತ್ತದೆ.

## ಬ್ರಿಟನ್ನಿನ ತಂತಿ ಹೇಳುವುದು

ಅವಸರದ ಬದಲಾವಣೆಯ ಪರಿಣಾಮಕ್ಕೆ ಬ್ರಿಟನ್ ಸ್ಪಷ್ಟ ಉದಾಹರಣೆ. ಅಲ್ಲಿ ತಾಮ್ರದ ತಂತಿಯ ಹಳೆಯ ದೂರವಾಣಿ ಜಾಲವನ್ನು 2025ರ ಕೊನೆಗೆ ಮುಚ್ಚಿ, ಎಲ್ಲವನ್ನೂ ಇಂಟರ್ನೆಟ್ ಮೂಲಕ ಸಾಗಿಸುವ ಯೋಜನೆಯಿತ್ತು. ಒಂಟಿ ಹಿರಿಯರು ಬಿದ್ದರೆ ಒತ್ತುವ ತುರ್ತು ಗುಂಡಿಯೊಂದಿದೆ. ಅಲ್ಲಿ ಸುಮಾರು 18 ಲಕ್ಷ ಜನ ನೆಚ್ಚಿರುವ ಇಂಥ ಸಾಧನಗಳಲ್ಲಿ ಅನೇಕವು ಆ ತಂತಿಯ ಮೇಲೇ ಓಡುತ್ತಿದ್ದವು. ಹಳೆಯ ತಂತಿ ತನಗೆ ಬೇಕಾದ ವಿದ್ಯುತ್ತನ್ನು ಟೆಲಿಫೋನ್ ಎಕ್ಸ್‌ಚೇಂಜಿನಿಂದಲೇ ಹೊತ್ತು ತರುತ್ತಿತ್ತು. ಮನೆಯಲ್ಲಿ ಕರೆಂಟು ಹೋದರೂ ಗುಂಡಿ ಕೆಲಸ ಮಾಡುತ್ತಿತ್ತು. ಹೊಸ ಸಂಪರ್ಕದಲ್ಲಿ ಕರೆಂಟು ಹೋದರೆ ರೂಟರ್ ಆರುತ್ತದೆ, ರೂಟರ್ ಆರಿದರೆ ಗುಂಡಿ ಮೂಕ. ಬದಲಾವಣೆಯ ನಂತರ ಕೆಲವರ ಸಾಧನಗಳು ಕೈಕೊಟ್ಟು ಗಂಭೀರ ಘಟನೆಗಳು ನಡೆದ ಮೇಲೆ, 2023ರ ಡಿಸೆಂಬರ್‌ನಲ್ಲಿ ಬಲವಂತದ ವರ್ಗಾವಣೆಗೆ ತಡೆ ಬಿತ್ತು. ಗಡುವು 2027ರ ಜನವರಿಗೆ ಹೋಯಿತು.

2025ರ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ಪೂರ್ತಿ ಕತ್ತಲಾದಾಗ ಕಾರ್ಡು, ಆ್ಯಪು ನಿಂತುಹೋಗಿ ನಗದು ಇದ್ದವರ ವ್ಯವಹಾರ ಮಾತ್ರ ನಡೆಯಿತು. ಅಂದು ಯುವಕರಿಗೂ ಹಳೆಯ ದಾರಿ ಬೇಕಾಯಿತು. ನಾರ್ವೆಯಂಥ ದೇಶಗಳು ನಗದನ್ನು ಬಿಡದಿರುವುದಕ್ಕೆ ಹಿರಿಯರ ಮೇಲಿನ ಕಾಳಜಿ ಒಂದು ಕಾರಣ, ಇಂಥ ದಿನಗಳ ಭಯ ಇನ್ನೊಂದು.

## ಕಲಿಸುವುದಾದರೆ

ಹಿರಿಯರು ಕಲಿಯುವುದಿಲ್ಲ ಎಂಬುದು ಸುಳ್ಳು. ನಿಧಾನವಾಗಿ ಕಲಿಯುತ್ತಾರೆ, ಮತ್ತೆ ಮತ್ತೆ ಮಾಡಿದಾಗ ಉಳಿಸಿಕೊಳ್ಳುತ್ತಾರೆ. ಎರಡು ದಿನದ ಶಿಬಿರ, ಒಂದು ಪ್ರಮಾಣಪತ್ರ, ಒಂದು ಫೋಟೊ, ಇದರಿಂದ ಪ್ರಯೋಜನ ಕಡಿಮೆ. ಆ್ಯಪ್ ಮುಂದಿನ ತಿಂಗಳೇ ರೂಪ ಬದಲಿಸುತ್ತದೆ, ಆಗ ಕೇಳಲು ಯಾರೂ ಇರುವುದಿಲ್ಲ. ವಾರಕ್ಕೊಮ್ಮೆ ಒಂದೇ ಜಾಗದಲ್ಲಿ ಒಬ್ಬರು ಸಿಗುತ್ತಾರೆ ಎಂಬ ಭರವಸೆ ಇದ್ದರೆ ಕಲಿತದ್ದು ಉಳಿಯುತ್ತದೆ.

ಕಲಿಸುವವರು ಫೋನನ್ನು ತಮ್ಮ ಕೈಗೆ ತೆಗೆದುಕೊಳ್ಳಬಾರದು. ‘ಕೊಡಿ ಇಲ್ಲಿ, ಮಾಡಿಕೊಡ್ತೀನಿ’ ಎಂದ ಕ್ಷಣ ಪಾಠ ಮುಗಿಯಿತು. ಮೊದಲ ದಿನವೇ ಬ್ಯಾಂಕ್ ಆ್ಯಪ್ ತೆರೆಯುವುದೂ ಬೇಡ. ತಪ್ಪಾದರೆ ನಷ್ಟವಿಲ್ಲದ ಕೆಲಸದಿಂದ, ಫೋಟೊ ಕಳಿಸುವುದರಿಂದ, ತಮಗಿಷ್ಟದ ಹಾಡು ಹುಡುಕುವುದರಿಂದ ಶುರುವಾಗಲಿ. ಕೊನೆಗೆ ಕಲಿಸಬೇಕಾದ್ದು, ಯಾರೂ ಕಲಿಸದ ಭಾಗ: ಪಾಸ್‌ವರ್ಡ್ ಮರೆತರೆ ಏನು ಮಾಡಬೇಕು, ಖಾತೆಗೆ ಬೀಗ ಬಿದ್ದರೆ ಎಲ್ಲಿಗೆ ಹೋಗಬೇಕು, ಫೋನೇ ಕಳೆದರೆ ಮೊದಲ ಕರೆ ಯಾರಿಗೆ. ಎಲ್ಲ ಸರಿಯಿದ್ದಾಗ ಕೆಲಸ ಮಾಡಿಕೊಳ್ಳುವವರು ಸ್ವಾವಲಂಬಿಗಳು ಎನಿಸಿಕೊಳ್ಳುವುದಿಲ್ಲ. ಕೆಟ್ಟಾಗ ಯಾರ ಹಂಗೂ ಇಲ್ಲದೆ ಸರಿಪಡಿಸಿಕೊಂಡಾಗಲೇ ಆ ಮಾತಿಗೆ ಅರ್ಥ.

## ಮುಂದೇನಾಗಬಹುದು

ಈಗಿನ ದಾರಿಯಲ್ಲೇ ಸಾಗಿದರೆ ಒಂದು ಸುಳಿ ಹುಟ್ಟಿಕೊಳ್ಳುವುದು ಬಹುತೇಕ ಖಚಿತ. ಬಲ್ಲವರೆಲ್ಲ ಆನ್‌ಲೈನ್‌ಗೆ ಹೋದಂತೆ ಕೌಂಟರಿಗೆ ಬರುವವರು ಕಡಿಮೆಯಾಗುತ್ತಾರೆ. ಉಳಿಯುವವರು ಹೆಚ್ಚು ವಯಸ್ಸಾದವರು, ಹೆಚ್ಚು ನೆರವು ಬೇಕಾದವರು. ತಲೆಗೆ ತಗಲುವ ಖರ್ಚು ಏರುತ್ತದೆ. ‘ಇಷ್ಟು ಜನಕ್ಕಾಗಿ ಇಷ್ಟು ಖರ್ಚೇ’ ಎಂಬ ಪ್ರಶ್ನೆ ಏಳುತ್ತದೆ, ಕೌಂಟರು ಮುಚ್ಚುತ್ತದೆ. ಡೆನ್ಮಾರ್ಕ್‌ನ ಅಂಚೆಗೆ ಆದದ್ದು ಇದೇ. ಕಾನೂನು ತಡೆಯದಿದ್ದರೆ ಈ ಸುಳಿ ತಾನಾಗಿ ನಿಲ್ಲುವುದಿಲ್ಲ.

ಕಾನೂನು ಬಂದರೂ ತಕ್ಷಣ ಫಲ ಸಿಗದು. ಬ್ಯಾಂಕಿಂಗ್, ಟಿಕೆಟ್, ಇ-ವಾಣಿಜ್ಯದಂಥ ಸೇವೆಗಳು ಅಂಗವಿಕಲರಿಗೆ, ಆ ಮೂಲಕ ಹಿರಿಯರಿಗೂ, ಎಟುಕುವಂತಿರಬೇಕೆಂಬ ಯುರೋಪಿಯನ್ ಒಕ್ಕೂಟದ ಕಾಯ್ದೆ 2025ರ ಜೂನ್ 28ರಿಂದ ಜಾರಿಯಲ್ಲಿದೆ. ಈಗಾಗಲೇ ಇದ್ದ ಸೇವಾ ಒಪ್ಪಂದಗಳಿಗೆ ಅದು 2030ರ ಜೂನ್‌ವರೆಗೆ ಕಾಲಾವಕಾಶ ಕೊಟ್ಟಿದೆ. ಎಟಿಎಂ, ಟಿಕೆಟ್ ಯಂತ್ರಗಳ ವಿಷಯದಲ್ಲಿ ಅದು ಇನ್ನೂ ಉದಾರಿ: ಕಾಯ್ದೆಗೆ ಮುಂಚೆ ಅಳವಡಿಸಿದ ಯಂತ್ರವನ್ನು ಅದರ ಆಯುಸ್ಸು ಮುಗಿಯುವವರೆಗೆ, ಅಂದರೆ ಬಳಕೆಗೆ ಬಂದ ದಿನದಿಂದ ಗರಿಷ್ಠ 20 ವರ್ಷದವರೆಗೆ, ಹಾಗೇ ಬಳಸಲು ಸದಸ್ಯ ದೇಶಗಳು ಬಿಡಬಹುದು. 2024ರಲ್ಲಿ ನೆಟ್ಟ ಯಂತ್ರ 2044ರವರೆಗೂ ಇದ್ದೀತು. ಅದರ ಮುಂದೆ ಇಂದು ತಡವರಿಸುತ್ತಿರುವ 72 ವರ್ಷದವರಿಗೆ ಆಗ 90ರ ಆಸುಪಾಸಾಗಿರುತ್ತದೆ.